ಬೆಳ್ಳಗಿನ ಬಿಲ್ಲೆ

ಕಿಟ್ವೆಯ ಈ ಕೋಣೆಯಲ್ಲಿ ಫ್ಯಾನು ಹಾಕುವಂತಿಲ್ಲ.
ಉಸಿರು ಬಿಗಿಹಿಡಿದು ತೂಗುತ್ತೇನೆ
ತಾಮ್ರದ ಗಣಿಗೆ ಹೋಗುವ ಸೋಸುಬಿಲ್ಲೆಗಳನ್ನು,
ಇಳಿಯುವ ಮೊದಲೊಮ್ಮೆ, ಮೇಲೆ ಬಂದಾಗೊಮ್ಮೆ.
ನಡುವಿನ ವ್ಯತ್ಯಾಸಕ್ಕೆ ನನಗೆ ಸಂಬಳ.

ಒಂದು ಗುಲಗಂಜಿಯನ್ನು ನೂರು ಚೂರು ಮಾಡಿ
ಒಂದು ಚೂರು ಎತ್ತಿಕೊಂಡರೆ ಎಷ್ಟೋ
ಅಷ್ಟು ದೂಳು ಸಾಕು, ವರದಿಯ ಕೆಂಪು ಗೆರೆ ದಾಟಲು.

ಹದಿನಾಲ್ಕನೆಯದು ಕಪೆಂಬ್ವನದು.
ಬಂಡೆಗೆ ಡ್ರಿಲ್ ಹಿಡಿದು ಇಪ್ಪತ್ತೆರಡು ವರ್ಷ.
ಎಂಟು ತಾಸು ಅವನ ಕೊರಳಪಟ್ಟಿಯಲ್ಲಿದ್ದದ್ದು
ಹಾಲಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿದೆ.
ಮತ್ತೆ ತೂಗಿದೆ.
ತಕ್ಕಡಿ ಸುಳ್ಳು ಹೇಳದು,
ಅದರ ಮೇಲೆ ಇಟ್ಟಿದ್ದನ್ನಷ್ಟೇ ಹೇಳುತ್ತದೆ.

ಸಂಜೆ ಗೇಟಿನ ಬಳಿ ಕೇಳಿದೆ.
ನಕ್ಕ. ನಗು ಕೆಮ್ಮಾಯಿತು.
ಅದು ಮುಗಿಯುವವರೆಗೆ ಇಬ್ಬರೂ ಕಾದೆವು.
‘ಪಂಪನ್ನು ಊಟದ ಡಬ್ಬಿಯೊಳಗೆ ಇಟ್ಟಿದ್ದೆ, ಬಮಾಯೊ,
ಮೆಕ್ಕೆಜೋಳದ ಮುದ್ದೆಯ ಪಕ್ಕ. ಶಿಫ್ಟ್ ಬಾಸ್ ಹೇಳಿದ:
ಲೆಕ್ಕ ಏರಿದರೆ ಈ ಸುರಂಗ ಮುಚ್ಚುತ್ತಾರೆ.
ಮುಚ್ಚಿದರೆ ಡಬ್ಬಿಗೆ ಏನು ತುಂಬಲಿ?’

ಒಂಬತ್ತನೇ ಅಂಕಣ ಖಾಲಿ ಇದೆ.
‘ಅಮಾನ್ಯ’ ಎಂದರೆ ನಾಳೆ ಬೆಳಿಗ್ಗೆ
ಇವನನ್ನೇ ಕರೆಸಿ ಕೇಳುತ್ತಾರೆ.
‘ಸುರಕ್ಷಿತ’ ಎಂದರೆ,
ಇವನ ಮಗ ಕಸೊಂಡೆಗೆ ಹೊಸ ಬೂಟು ಬಂದಿದೆ,
ಬರುವ ತಿಂಗಳು ಇದೇ ಸುರಂಗ.

ಚಹಾ ತಣ್ಣಗಾಯಿತು. ಕೆನೆ ಕಟ್ಟಿತು.
ಹೆಸರಿನ ಜಾಗ ಬಿಟ್ಟು ಬರೆದೆ:
ಹದಿನಾಲ್ಕರಲ್ಲಿ ಸಿಕ್ಕಿರುವುದು ಡಬ್ಬಿಯ ಗಾಳಿ.
ಡಬ್ಬಿಯ ಆರೋಗ್ಯ ಚೆನ್ನಾಗಿದೆ.
ಮನುಷ್ಯನನ್ನು ಇನ್ನೂ ತೂಗಿಲ್ಲ.