ವ್ಯಾಗಾ ಊರಿನ ಲ್ಯಾಬಿನಲ್ಲಿ

ಮಾತು ಆಡಿದರೆ ಹೋಯ್ತು ಅನ್ನುತ್ತಾರೆ.
ಹೋಗಿಲ್ಲ. ಇಲ್ಲಿದೆ, ಗಾಜಿನ ಮೇಲೆ,
ಅರ್ಧ ಕಡಲೆಬೇಳೆಯಷ್ಟು.

ಸೋಮವಾರದ ಸಂತೆಯಲ್ಲಿ ದನ ಹರಾಜು ಕೂಗುವ
ಡೆರ್ಮಟ್ ಹ್ಯಾನ್ರಹನ್, ಐವತ್ತೆರಡು, ಎಡ ಸ್ವರತಂತು.
ಮೇಣದಲ್ಲಿ ಹೂತು, ಎಳೆಯೆಳೆಯಾಗಿ ಕೊಯ್ದು
ಗುಲಾಬಿ ಬಣ್ಣ ಹಾಕಿದ್ದೇವೆ:

ಊದಿದ ರಕ್ತನಾಳ, ಸೋರಿ ಹೆಪ್ಪಾದ ನೆತ್ತರು,
ಸುತ್ತ ಗಂಜಿತಿಳಿಯಂಥ ನೀರು.
ಮೇಲಿನ ಹೊದಿಕೆ ಮಾತ್ರ ದಪ್ಪ,
ಬರಿಗಾಲಿನ ಹಿಮ್ಮಡಿಯ ಹಾಗೆ.

ಎಷ್ಟನೇ ಹೋರಿಗೆ, ಎಷ್ಟು ಡಾಲರಿಗೆ
ಒಡೆಯಿತೋ ನಾಳ,
ಸೂಕ್ಷ್ಮದರ್ಶಕಕ್ಕೆ ಗೊತ್ತಿಲ್ಲ.

ಕ್ಯಾನ್ಸರಲ್ಲ ಎಂದು ಬರೆದು ಸಹಿ ಹಾಕಿದೆ.

ವಾರವಿಡೀ ಮೌನವ್ರತವಂತೆ ಅವನಿಗೆ.
ಈ ಸೋಮವಾರ ಮಗಳು ಕೂಗಿದಳಂತೆ,
ಅವನು ಕಟಕಟೆಗೆ ಒರಗಿ
ಎರಡೂ ಕೈ ಜೇಬಿನಲ್ಲೇ ಇಟ್ಟು ನಿಂತಿದ್ದನಂತೆ.

ಬೆರಳೆತ್ತಿದರೆ
ಹೋರಿ ಕೊಂಡ ಹಾಗೆ.