ಚುಕ್ಕಿಯಿಲ್ಲದ ಕಡ್ಡಿ

ತೊಂಬತ್ತೊಂದರಲ್ಲಿ ನಿಂತಿತು.
ಮೂರನೇ ಸಲವೂ ತೊಂಬತ್ತೊಂದೇ.
ಹಸಿರು ಪಟ್ಟಿ ಅಲ್ಲಿಯವರೆಗೆ ಎಳೆಗರುವಿನಂತೆ ಓಡಿ ಬಂದು
ಕಾಣದ ಗೂಟದ ಹಗ್ಗ ಜಗ್ಗಿದಂತೆ ತಡೆದು
‘ಏನೋ ತಪ್ಪಾಗಿದೆ’ ಎಂದಿತು.
ಏನು ಎಂದು ಹೇಳಲಿಲ್ಲ.

ಐವಾಲಿಕ್ ಬಂದರಿನ ಹಿಂದಿನ ಓಣಿ,
ಆಲಿವ್ ಗಾಣದ ಜಿಡ್ಡು ಗೋಡೆಗೂ ಹತ್ತಿದ ಅಂಗಡಿ.
ನಾಮಫಲಕದ ಅಕ್ಷರ ಕತ್ತರಿಸುವ ಯಂತ್ರ ಹೊಸದು,
ಕಂತು ಇನ್ನೂ ಹನ್ನೊಂದು ಬಾಕಿ.
ಅದಕ್ಕೆ ಬುದ್ಧಿ ಹೇಳಬೇಕಾದ ತಂತ್ರಾಂಶ ಮಾತ್ರ
ಹೊಸ್ತಿಲು ದಾಟುತ್ತಿಲ್ಲ.
ಬೆಳಗಾದರೆ ಜೆವ್‌ಹೆರ್ ಕಪ್ತಾನನ ದೋಣಿ ನೀರಿಗಿಳಿಯುತ್ತದೆ,
ಬಿಳಿ ಮೈಗೆ ನೀಲಿ ಅಕ್ಷರದ ಹೆಸರು ಬೇಕು:
ಕಿಸ್ಮೆತ್.
ನಮ್ಮ ಕಿಸ್ಮತ್ತೇ ಅದು, ನಾಲಿಗೆ ಬೇರೆ.

ಇರ್ಮಾಕ್ ಏನೇನು ಮಾಡಲಿಲ್ಲ!
ಆರಿಸಿ ಹಚ್ಚಿದಳು.
ವೈರಸ್ ಕಾಯುವವನನ್ನು ಅರ್ಧ ಗಂಟೆ ಮಲಗಿಸಿದಳು.
ಜಾಗ ಸಾಲದೇನೋ ಎಂದು
ಮಾಜಿ ಗಂಡನ ಫೋಟೋಗಳನ್ನು ಅಳಿಸಿದಳು
(ಅದಕ್ಕೊಂದು ನೆಪ ಬೇಕಿತ್ತು, ಆ ಮಾತು ಬೇರೆ).
ಕಂಪನಿಗೆ ಫೋನು ಮಾಡಿದರೆ ಇಪ್ಪತ್ತು ನಿಮಿಷ ಪಿಟೀಲು,
ಆಮೇಲೊಬ್ಬ ಹುಡುಗ:
‘ನಮ್ಮಲ್ಲಿ ಸರಿಯಾಗೇ ಓಡ್ತಿದೆ, ಅಕ್ಕಾ.’

ಚಹಾದಂಗಡಿಯ ತಾಲಿಪ್ ಬಂದು
ಸಣ್ಣ ಸೊಂಟದ ಗಾಜಿನ ಲೋಟ ಮೇಜಿಗಿಟ್ಟು,
ತೆರೆಯ ಮೂಲೆಗೆ ತೂಗುವ ನೀಲಿ ಗಾಜಿನ ಕಣ್ಣನ್ನು ನೆಟ್ಟಗೆ ಮಾಡಿ
‘ಯಾರದೋ ದೃಷ್ಟಿ’ ಎಂದು ಹೋದ.

ರಾತ್ರಿ ಎರಡಕ್ಕೆ, ಬೇರೆ ದಾರಿ ಕಾಣದೆ,
ಲಾಗ್ ಫೈಲು ಬಿಚ್ಚಿದಳು.
ಯಾರಾದರೂ ಓದಲೆಂದು ಬರೆದದ್ದಲ್ಲ ಅದು,
ಯಂತ್ರ ತನ್ನಷ್ಟಕ್ಕೆ ಗೊಣಗಿಕೊಂಡದ್ದು, ಸಾವಿರಾರು ಸಾಲು:
ತೆರೆದೆ, ಬರೆದೆ, ಮುಚ್ಚಿದೆ,
ತೆರೆದೆ, ಬರೆದೆ, ಮುಚ್ಚಿದೆ.
ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ
ಬೊಟ್ಟಿಟ್ಟು ಓದುತ್ತ ಬಂದವಳ ಬೆರಳು ತಟ್ಟನೆ ನಿಂತಿತು.
‘ಇರ್ಮಾಕ್ ಎಂಬ ಫೋಲ್ಡರ್ ಸಿಗಲಿಲ್ಲ.’

ನಾನಿಲ್ಲೇ ಇದ್ದೀನಲ್ಲೋ!

ಕನ್ನಡಕ ಹಣೆಗೇರಿಸಿ
ಮೂಗು ತೆರೆಗೆ ತಾಗುವಷ್ಟು ಬಗ್ಗಿ ನೋಡಿದಳು.
ಅವರ ಲಿಪಿಯಲ್ಲಿ ಎರಡು ಇ.
ಒಂದಕ್ಕೆ ತಲೆಯ ಮೇಲೆ ಚುಕ್ಕಿ. ಇನ್ನೊಂದು ಬೋಳು ಕಡ್ಡಿ,
ಗಂಟಲ ಹಿಂದೆ ಹುಟ್ಟಿ ತುಟಿಗೆ ಬರುವ ಮುನ್ನ ಮುಗಿಯುವ ಸ್ವರ.
ಅವಳದ್ದು ಬೋಳು ಕಡ್ಡಿ. ಹೆಸರಿಗೆ ನದಿ ಎಂದರ್ಥ.
ಎಲ್ಲೋ ದೂರದ ಊರಲ್ಲಿ ಹುಟ್ಟಿದ ತಂತ್ರಾಂಶ, ಪಾಪ,
ಕಡ್ಡಿಯ ತಲೆಗೆ ತಾನೇ ಚುಕ್ಕಿಯಿಟ್ಟು,
ಚುಕ್ಕಿಯುಳ್ಳ ಇರ್ಮಾಕಳನ್ನು ಮನೆಯೆಲ್ಲ ಹುಡುಕಿ,
ಅಂಥವರು ಯಾರೂ ಇಲ್ಲವೆಂದು
ತೊಂಬತ್ತೊಂದರಲ್ಲಿ ಕೈಚೆಲ್ಲಿತ್ತು.

ನಾನು ನಗಬಾರದು.
ಈ ಪದ್ಯದುದ್ದಕ್ಕೂ ಅವಳನ್ನು ನಮ್ಮ ಇ ಹಾಕಿಯೇ ಕರೆದಿದ್ದೇನೆ.
ನಲವತ್ತೊಂಬತ್ತು ಅಕ್ಷರದ ಪಂಕ್ತಿಯಲ್ಲೂ
ಆ ಸ್ವರಕ್ಕೆ ಮಣೆಯಿಲ್ಲ.

ಹೊಸ ಖಾತೆ ತೆರೆದಳು.
ಹೆಸರು? ಎಂದು ಕೇಳಿತು.
ಕೀಲಿಮಣೆಯ ಪಕ್ಕ ಬೆಕ್ಕು ಮಲಗಿತ್ತು, ಅದರದ್ದೇ ಕೊಟ್ಟಳು.
ತೊಂಬತ್ತೆರಡು, ತೊಂಬತ್ತೇಳು, ನೂರು.
‘ಸುಸ್ವಾಗತ, ತರ್ಹಾನಾ.’
ಬೆಕ್ಕು ಕಣ್ಣು ಬಿಡಲಿಲ್ಲ.

ಅಲಗು ಸರಸರ ನೀಲಿ ಹಾಳೆ ಸೀಳಿತು.
ಕಿಸ್ಮೆತ್. ಅದರಲ್ಲೂ ಇರಬೇಕಾದದ್ದು ಬೋಳು ಕಡ್ಡಿಯೇ.
ತಂತ್ರಾಂಶ ಬಿಟ್ಟೀತೇ? ಅಲ್ಲೂ ಇಟ್ಟಿತ್ತು ಬೊಟ್ಟು.
ಇರ್ಮಾಕ್ ಬೈಯಲಿಲ್ಲ.
ಅಂಗಿಗುಂಡಿಯಷ್ಟಗಲದ ಅದನ್ನು ಚಿಮಟದಲ್ಲಿ ಎಬ್ಬಿಸಿದಳು.
ಎಸೆಯಹೋದರೆ ಬೆರಳಿಗೆ ಅಂಟಿತು,
ಆ ಬೆರಳಿಂದ ಈ ಬೆರಳಿಗೆ.

ಕೊನೆಗೆ ತೆರೆಯ ಚೌಕಟ್ಟಿಗೆ, ಗಾಜಿನ ಕಣ್ಣಿನ ಕೆಳಗೆ, ಒತ್ತಿದಳು,
ಕೂಸಿನ ಕೆನ್ನೆಗೆ ಇಡುತ್ತೇವಲ್ಲ, ಹಾಗೆ.
ಹೊರಗೆ ಕಪ್ತಾನನ ಕೆಮ್ಮು ಕೇಳಿಸಿತು.
ಇನ್ನೂ ಕತ್ತಲಿತ್ತು.