ಹದಿನೆಂಟು ಯೂರೋ ಕಡಿಮೆ

ದುರ್ಗಿಗುಡಿಯ ನಮ್ಮ ಶಾಖೆಯಲ್ಲಿ ವಿದೇಶಿ ವಿನಿಮಯವೆಂದರೆ
ನಾನು, ಒಂದು ಪ್ರಿಂಟರು,
ಕಾಲು ಅಲ್ಲಾಡುವ ಕುರ್ಚಿ, ಅದೂ ಗ್ರಾಹಕರಿಗೆ.
ಆ ಕುರ್ಚಿಯ ತುದಿಗೆ ಕೂತು ಬೆನೆಡಿಕ್ಟಾ ಸೆರಾವೊ
ಆಯನೂರು ಬಸ್ಸಿನ ಟಿಕೆಟಿನ ಹಿಂದೆ ಬರೆದದ್ದು ಓದಿದರು:
ಲಿವೊರ್ನೊ. ಮೂರನೇ ಮಹಡಿ. ಒಂದು ಕೋಣೆ, ಒಂದು ಒಲೆ.
ಇಪ್ಪತ್ತೊಂಬತ್ತು ಸಾವಿರ ಯೂರೋ.

"ಉದ್ದೇಶ?" ಎಂದೆ.
ಪ್ರಶ್ನೆ ನನ್ನದಲ್ಲ, ಫಾರಮ್ಮಿನದು.
ಅವರು ಸುಮ್ಮನೆ ನನ್ನ ಪೆನ್ನು ನೋಡಿದರು.
ನಾನೇ ಬರೆದೆ, ಎಸ್ ಸೊನ್ನೆ ಸೊನ್ನೆ ಸೊನ್ನೆ ಐದು:
ಹೊರದೇಶದಲ್ಲಿ ಸ್ಥಿರಾಸ್ತಿ.

ಇದೇ ಕೌಂಟರಿಗೆ ಇಪ್ಪತ್ತಾರು ವರ್ಷ
ತಿಂಗಳ ಐದನೇ ತಾರೀಕು ಅವರ ದುಡ್ಡು ಬರುತ್ತಿತ್ತು,
ಯಾರದೋ ಮುದುಕರ ಬೆನ್ನು ತೊಳೆದ ದುಡ್ಡು.
ತಮ್ಮ ಗಿಲ್ಬರ್ಟ್ ಬೈಕಿನ ಕೀ ಬೆರಳಲ್ಲಿ ತಿರುಗಿಸುತ್ತ
ನಿಂತೇ ಸಹಿ ಹಾಕಿ ಒಯ್ಯುತ್ತಿದ್ದ.
ಬರುವ ಹಣವನ್ನು ಯಾರು ಅಷ್ಟು ವಿಚಾರಿಸುತ್ತಾರೆ?
"ಕುಟುಂಬ ನಿರ್ವಹಣೆ" ಎಂದು ಒಂದು ರಬ್ಬರ್ ಮೊಹರು ಮಾಡಿಸಿದ್ದೆವು.
ಒತ್ತಿ ಒತ್ತಿ ಅರ್ಕಾವತ್ತು ಸವೆದು
ಕೊನೆಕೊನೆಗೆ ಬರೀ "ನಿವಹಣೆ" ಮೂಡುತ್ತಿತ್ತು.

ವಿನೋಬನಗರದಲ್ಲಿ ನಲವತ್ತು ಅರವತ್ತರ ಸೈಟು,
ಸೈಟಿನ ಮೇಲೆ ಮನೆ, ಮನೆಯ ಮೇಲೆ ಮನೆ,
ಬಾಡಿಗೆಗೆ ಎರಡು ಅಂಗಡಿ.
ಖಾತೆ ತಮ್ಮನ ಹೆಸರಿಗೆ.
ಅವರು ಹೇಳಿದ್ದಲ್ಲ ಇದು.
ಹಣದ ಮೂಲಕ್ಕೆ ದಾಖಲೆ ಕೇಳಿದಾಗ
ಚೀಲದಿಂದ ಬಂದ ಕಾಗದಗಳು ಹೇಳಿದ್ದು.
ಅವರ ಹೆಸರಿದ್ದದ್ದು ಒಂದು ಠೇವಣಿಗೆ,
ಮತ್ತೆ, ಮಾರಿದ ಬಳೆಗಳ ರಸೀದಿಗೆ.

"ಹತ್ತು ಲಕ್ಷ ದಾಟಿದ್ದಕ್ಕೆ ನೂರಕ್ಕೆ ಇಪ್ಪತ್ತು ಹಿಡೀಬೇಕು ಬಾಯಮ್ಮ."
"ಅಲ್ಲಿ ನೋಟರಿ ರಿಜಿಸ್ಟ್ರಿಗೆ ಒಂಬತ್ತು ಕೇಳ್ತಾನೆ. ಇರ್ಲಿ,
ಎರಡು ಸರ್ಕಾರದ ಅನ್ನಾನೂ ತಿಂದಿದೀನಿ."
"ನಾವು ಹಿಡಿದದ್ದು ಲೆಕ್ಕ ಸಲ್ಲಿಸಿದ ಮೇಲೆ ತಿರುಗಿ ಬರತ್ತೆ."
"ಅಲ್ಲಿಗೆ ಹೋಗಿದ್ದರಲ್ಲಿ ತಿರುಗಿ ಬಂದಿದ್ದು
ನಾನೊಬ್ಳೇ ಮಾರಾಯ" ಎಂದು ನಕ್ಕರು.

ಅಷ್ಟರಲ್ಲಿ ಸರ್ವರ್ ಹೋಯಿತು. ನಾಲ್ಕು ಗಂಟೆಯವರೆಗೂ ಇಲ್ಲ.
ಹೊತ್ತು ಹೋಗಲೆಂದು ಕೇಳಿದೆ: ಕಿಟಕಿಯಿಂದ ಸಮುದ್ರ ಕಾಣತ್ತಾ?
"ಇಲ್ಲ. ಎದುರು ಮನೆಯವರ ಒಣಹಾಕಿದ ಬಟ್ಟೆ ಕಾಣತ್ತೆ."
ಹೋಗಿ ಇರ್ತೀರಾ?
"ಗೊತ್ತಿಲ್ಲ.
ಅಲ್ಲಿ ಬಾಗಿಲಿಗೊಂದು ಹಿತ್ತಾಳೆ ಫಲಕ ಇರತ್ತೆ, ಯಜಮಾನರ ಹೆಸರಿಂದು.
ಇಪ್ಪತ್ತಾರು ವರ್ಷ ಬೇರೆಯವರದ್ದು ಉಜ್ಜಿದೀನಿ."

ಒಂಬತ್ತನೇ ದಿನ ನೋಟರಿಯ ಪತ್ರ:
ಹಣ ಮುಟ್ಟಿದೆ, ಹದಿನೆಂಟು ಯೂರೋ ಕಡಿಮೆ.
ನಡುವಿನ ಯಾವುದೋ ಬ್ಯಾಂಕು, ಹೆಸರು ಕೇಳದ್ದು,
ತನ್ನ ಪಾಲು ಮುರಿದುಕೊಂಡಿದೆ.
ಬೀಗದ ಕೈ ಆ ಹದಿನೆಂಟಕ್ಕೆ ಕಾಯುತ್ತಿದೆ.
ತಪ್ಪು ನನ್ನದು. ಖರ್ಚು ಯಾರದೆಂಬಲ್ಲಿ
ಬೇರೆ ಚೌಕಕ್ಕೆ ಗುರುತು ಹಾಕಿದ್ದೆ.

ಬೈಯಲಿಲ್ಲ ಅವರು.
"ದಾರೀಲಿ ತಿನ್ನೋರು ಆಗಲೂ ಇಷ್ಟೇ ತಿಂದಿದ್ರೆ..."
ಮಾತು ಅಲ್ಲಿಗೇ ಬಿಟ್ಟು ಪರ್ಸು ತೆರೆದರು.
ಹದಿನೆಂಟು ಯೂರೋ ಕಳಿಸುವುದಕ್ಕೆ
ಕಮಿಷನ್ನೇ ಆರುನೂರು ರೂಪಾಯಿ.

ಹೊಸ ಫಾರಮ್ಮು. ಮತ್ತೆ ಅದೇ: ಉದ್ದೇಶ.
ಈ ಸಲ ಪೆನ್ನು ಅವರೇ ಇಸಿದುಕೊಂಡರು.
ಎಸ್. ಸೊನ್ನೆ. ಸೊನ್ನೆ. ಸೊನ್ನೆ. ಐದು.
ಅವಸರವಿಲ್ಲದೆ, ಭಾರ ಬಿಟ್ಟು.
ಕಾರ್ಬನ್ ದಾಟಿ, ಕೆಳಗಿನ ಹಾಳೆ ದಾಟಿ
ನನ್ನ ಮೇಜಿನ ರೆಕ್ಸಿನ್ನಿನಲ್ಲೂ ಅಚ್ಚು ಬಿತ್ತು.
ಕಣ್ಣಿಗೆ ಕಾಣುವುದಿಲ್ಲ,
ಬೆರಳಾಡಿಸಿದರೆ ಸಿಗುತ್ತದೆ.